ಬಾಯಿಲ್ಲದ ಕೆಲಸಗಳು

ಕಳೆದ ತಿಂಗಳು ಈ ಅಂಕಣದಲ್ಲಿ ಮನೆಯ ಜಮಾಖರ್ಚಿನ ಪುಸ್ತಕವನ್ನು ಕುರಿತು ಬರೆದಿದ್ದೆವು. ಹಣದ ಲೆಕ್ಕವನ್ನಿಡುವ ಗೃಹಸ್ಥರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೆಲಸದ ಲೆಕ್ಕವನ್ನಿಡುವವರು ವಿರಳ. ಹಾಲಿನವನಿಗೆ ಕೊಡಬೇಕಾದ ಬಾಕಿ ಎಷ್ಟೆಂದು ಕೇಳಿದರೆ ಥಟ್ಟನೆ ಹೇಳುವ ಯಜಮಾನನು, ಮಾಡದೆ ಉಳಿಸಿಕೊಂಡಿರುವ ಕೆಲಸಗಳ ಬಾಕಿ ಎಷ್ಟೆಂದು ಕೇಳಿದರೆ ತಬ್ಬಿಬ್ಬಾಗುತ್ತಾನೆ. ಈ ಎರಡನೆಯ ಬಾಕಿಗೂ ಬಡ್ಡಿಯುಂಟು. ಅದು ಬೆಳೆಯುವ ರೀತಿ ಸಾಹುಕಾರನ ಬಡ್ಡಿಗಿಂತ ಕ್ರೂರವಾದುದು. ಆದಕಾರಣ ಈ ಸಲ, ಮಾಡತಕ್ಕ ಕೆಲಸಗಳನ್ನು ಬರೆದಿಟ್ಟುಕೊಳ್ಳುವ ಪಟ್ಟಿಯ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಮಾಡಬೇಕಾದುದನ್ನು ಮುಂದೆ ಮುಂದೆ ತಳ್ಳುವ ಸ್ವಭಾವಕ್ಕೆ ನಮ್ಮ ಹಿರಿಯರು ದೀರ್ಘಸೂತ್ರತೆಯೆಂದು ಹೆಸರಿಟ್ಟಿದ್ದರು. ಭಗವದ್ಗೀತೆಯ ೧೮ನೆಯ ಅಧ್ಯಾಯದಲ್ಲಿ ತಾಮಸನಾದ ಕರ್ತೃವಿನ ಲಕ್ಷಣಗಳನ್ನು ಎಣಿಸುವಾಗ ಈ ದೋಷವೂ ಸೇರಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಹೇಳುವ ಮೂರು ಮೀನುಗಳ ಕಥೆ ನಮ್ಮ ವಾಚಕರಲ್ಲಿ ಬಹಳ ಮಂದಿಗೆ ತಿಳಿದಿರಬಹುದು. ಬೆಸ್ತರು ಕೊಳದ ನೀರನ್ನು ಹೊರಕ್ಕೆ ಹರಿಯಬಿಡಲು ತೊಡಗಿದಾಗ, ಮುಂದಾಗುವುದನ್ನು ಕಂಡುಕೊಂಡ ಒಂದು ಮೀನು ಆಗಲೇ ಬೇರೆ ನೀರಿಗೆ ಹೊರಟುಹೋಯಿತು. ಸಮಯಕ್ಕೆ ಸರಿಯಾಗಿ ಬುದ್ಧಿ ಓಡುವ ಎರಡನೆಯದು, ಬೆಸ್ತರು ಮೀನುಗಳನ್ನು ಪೋಣಿಸಿದ ಹಗ್ಗವನ್ನು ತಾನಾಗಿಯೇ ಕಚ್ಚಿಕೊಂಡಿದ್ದು, ಅವರು ತೊಳೆಯುವುದಕ್ಕೆಂದು ನೀರಿಗೆ ಇಳಿಸಿದಾಗ ಬಾಯಿ ಬಿಟ್ಟು ಪಾರಾಯಿತು. ಮೂರನೆಯದು ಸತ್ತಿತು. ಅದರ ಹೆಸರೇ ದೀರ್ಘಸೂತ್ರ. ಪಂಚತಂತ್ರದಲ್ಲಿಯೂ ಈ ಕಥೆಯುಂಟು. ಅಲ್ಲಿ ಮೂರನೆಯ ಮೀನಿಗೆ ಯದ್ಭವಿಷ್ಯನೆಂದು ಹೆಸರು, ಎಂದರೆ ಆದದ್ದಾಗಲೆಂದು ಕೈಕಟ್ಟಿ ಕುಳಿತವನು. ಈ ಎರಡು ಹೆಸರುಗಳಿಗಿರುವ ಅಂತರವನ್ನು ಗಮನಿಸಬೇಕು. ಯದ್ಭವಿಷ್ಯನು ವಿಧಿಯನ್ನು ನಂಬಿ ಕೆಟ್ಟನು. ದೀರ್ಘಸೂತ್ರನಾದರೋ ಗೆಳೆಯನ ಎಚ್ಚರಿಕೆಯನ್ನು ಅಲ್ಲಗಳೆಯಲಿಲ್ಲ. ಅವನ ಮಾತು ಸರಿಯೆಂದೇ ಒಪ್ಪಿಕೊಂಡನು. ಅವಸರವೇನೂ ಇಲ್ಲವೆಂದು ಮಾತ್ರ ತಿಳಿದನು.

ನಮ್ಮ ಮನೆಗಳಲ್ಲಿ ವಾಸಿಸುವುದು ಈ ಜಾತಿಯ ಮೀನು. ಮಂದವಾದ ಕಣ್ಣನ್ನು ಪರೀಕ್ಷೆ ಮಾಡಿಸಬೇಕೆಂಬುದನ್ನು ಅಲ್ಲಗಳೆಯುವವರು ಯಾರು? ಸೋರುವ ಹೆಂಚನ್ನು ಮಳೆಗಾಲಕ್ಕೆ ಮೊದಲು ಹೊದಿಸಬೇಕೆಂಬುದಕ್ಕೆ ಎದುರಾಡುವವರು ಯಾರು? ಎಲ್ಲರೂ ಒಪ್ಪುತ್ತಾರೆ. ಒಪ್ಪಿಗೆಯೇ ಅರ್ಧ ಕೆಲಸ ಮಾಡಿದಷ್ಟು ಸಮಾಧಾನವನ್ನು ಕೊಡುತ್ತದೆ. ಆ ಸಮಾಧಾನದ ಮೇಲೆ ಇನ್ನೊಂದು ತಿಂಗಳು ಕಳೆಯುತ್ತದೆ. ಇದನ್ನು ಸೋಮಾರಿತನವೆಂದು ಜರೆಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಒಂದು ಕಷ್ಟದ ಪತ್ರವನ್ನು ಬರೆಯಬೇಕಾದ ಮನುಷ್ಯನು ಆ ಹೊತ್ತಿಗೆ ಪುಸ್ತಕದ ಕಪಾಟನ್ನು ಇಳಿಸಿ, ಒರೆಸಿ, ಪುನಃ ಜೋಡಿಸುತ್ತಾನೆ. ಪತ್ರಕ್ಕೆ ಹಿಡಿಯುತ್ತಿದ್ದುದಕ್ಕಿಂತ ನಾಲ್ಕು ಪಾಲು ಶ್ರಮಪಡುತ್ತಾನೆ. ಸೋಮಾರಿಯಾದವನು ಹೀಗೆ ಬೆವರುವುದುಂಟೆ? ಕೆನಡಾ ದೇಶದ ಇಬ್ಬರು ಮನಶ್ಶಾಸ್ತ್ರಜ್ಞರು ೨೦೧೩ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕೆಲಸವನ್ನು ಮುಂದೂಡುವವನು ತಪ್ಪಿಸಿಕೊಳ್ಳುವುದು ಕೆಲಸವನ್ನಲ್ಲ, ಆ ಕೆಲಸವನ್ನು ನೆನೆದಾಗ ಹುಟ್ಟುವ ಬೇಸರ, ಭಯ, ಸಂಕೋಚಗಳನ್ನು ಎಂಬ ಅಭಿಪ್ರಾಯವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಈ ಮಾತು ಅನುಭವಕ್ಕೆ ಹೊಂದುತ್ತದೆ. ೧೯೯೦ರ ದಶಕದಲ್ಲಿ ಕನ್ನಡನಾಡಿನ ಅನೇಕ ಊರುಗಳಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವವೊಂದರ ವದಂತಿ ಹಬ್ಬಿ, ಜನರು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡದ್ದು ಹಲವರಿಗೆ ನೆನಪಿರಬಹುದು. ದೆವ್ವವು ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ದೆವ್ವದ ಮಾತು ಹಾಗಿರಲಿ; ಮನಸ್ಸಿಗೆ ಹಿಡಿಸದ ಕೆಲಸಗಳಿಗೆ ನಾವೆಲ್ಲರೂ ಈ ಬರಹವನ್ನೇ ತೋರಿಸಿ ಕಳುಹಿಸುತ್ತಿದ್ದೇವೆ.

ಆದರೆ ಎಲ್ಲ ಕೆಲಸಗಳಿಗೂ ಹೀಗೆ ತೋರಿಸಲಾಗುವುದಿಲ್ಲ. ಮಾವಿನ ಮಿಡಿಯ ಕಾಲ ಬಂದಿತೆಂದರೆ ಉಪ್ಪಿನಕಾಯಿ ಹಾಕುವ ಗೃಹಿಣಿಯು ಒಂದು ವಾರವೂ ತಡಮಾಡಳು; ಮಿಡಿಯು ಬಲಿತುಬಿಡುತ್ತದೆ. ಹಪ್ಪಳ ಸಂಡಿಗೆಗಳು ಬಿಸಿಲಿರುವಾಗಲೇ ಒಣಗಬೇಕು. ಹಸಿದ ಮಗು ಅಳುತ್ತದೆ, ವಿದ್ಯುಚ್ಛಕ್ತಿಯ ಹಣ ಕಟ್ಟದಿದ್ದರೆ ದೀಪ ಆರುತ್ತದೆ, ಕಚೇರಿಯಲ್ಲಿ ಮೇಲಧಿಕಾರಿ ಕೇಳುತ್ತಾನೆ. ಇವುಗಳಿಗೆ ಬಾಯಿಯಿದೆ. ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದನೆಂಬ ಗಾದೆಯು ಮನುಷ್ಯರಿಗೆ ಹೇಗೋ ಕೆಲಸಗಳಿಗೂ ಹಾಗೆಯೇ ಸಲ್ಲುತ್ತದೆ. ಯಾರೂ ಕೇಳದ, ಯಾವ ತಾರೀಖಿಗೂ ಕಟ್ಟುಬೀಳದ, ಇಂದು ಮಾಡದಿದ್ದರೆ ಇಂದೇ ನಷ್ಟವಾಗದ ಕೆಲಸಗಳು ಬೇರೊಂದು ಗುಂಪು. ಎದೆಯಲ್ಲಿ ಕೈಗೆ ತಗುಲಿದ ಸಣ್ಣ ಗಂಟನ್ನು ವೈದ್ಯರಿಗೆ ತೋರಿಸುವುದು, ಮನಸ್ತಾಪವಾಗಿರುವ ತಮ್ಮನಿಗೆ ಎರಡು ಸಾಲು ಬರೆಯುವುದು, ಉಯಿಲು ಮಾಡುವುದು, ವಯಸ್ಸಾದ ಸೋದರತ್ತೆಯನ್ನು ನೋಡಿಬರುವುದು: ಇವು ಮೂಕವಾಗಿ ಮೂಲೆಯಲ್ಲಿ ಕುಳಿತಿರುತ್ತವೆ. ಮನೆಯನ್ನು ಮುರಿಯುವುದು ಸಾಮಾನ್ಯವಾಗಿ ಈ ಗುಂಪಿನದೇ. ಬಾಯುಳ್ಳ ಕೆಲಸಗಳಿಗೆ ಪಟ್ಟಿ ಅಷ್ಟಾಗಿ ಬೇಕಿಲ್ಲ, ಅವು ತಾವೇ ಕೂಗಿ ಮಾಡಿಸಿಕೊಳ್ಳುತ್ತವೆ. ಪಟ್ಟಿಯು ಮುಖ್ಯವಾಗಿ ಬಾಯಿಲ್ಲದವುಗಳಿಗೆ ಬಾಯಿ ಕೊಡುವ ಸಾಧನವೆಂಬುದೇ ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಹಳ್ಳಿಯಲ್ಲಿ ಎರಡು ಎಕರೆ ಜಮೀನುಳ್ಳ ತಂದೆ ತೀರಿಕೊಂಡರೆಂದು ಇಟ್ಟುಕೊಳ್ಳಿ. ಮಗನು ಪಟ್ಟಣದಲ್ಲಿ ಉದ್ಯೋಗಿ. ಜನನ ಮರಣಗಳ ನೋಂದಣಿಯ ೧೯೬೯ರ ಕಾಯಿದೆಯ ವ್ಯವಸ್ಥೆಯಂತೆ ಮರಣವನ್ನು ೨೧ ದಿನಗಳೊಳಗೆ ತಿಳಿಸಬೇಕು; ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ನೋಂದಣಿಯಾಗದು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯು, ವಾರಸುದಾರಿಕೆಯಿಂದ ಹಕ್ಕು ಪಡೆದವರು ಅದನ್ನು ಮೂರು ತಿಂಗಳೊಳಗೆ ಅಧಿಕಾರಿಗೆ ವರದಿಮಾಡಬೇಕೆಂದು ಹೇಳುತ್ತದೆ. ಮಗನು ಇದನ್ನು ಅರಿಯದವನಲ್ಲ. ವೈಕುಂಠ ಸಮಾರಾಧನೆಯ ದಿನವೇ ಪೌತಿ ಖಾತೆಯ ಮಾತು ಬಂದಿರುತ್ತದೆ. ಎಲ್ಲರೂ ಆಗಲೆಂದು ತಲೆಯಾಡಿಸಿರುತ್ತಾರೆ. ಆದರೆ ತಂದೆಯ ಹೆಸರನ್ನು ಪಹಣಿಯಿಂದ ತೆಗೆಸುವ ಕೆಲಸಕ್ಕೆ ಯಾವ ಮಗನ ಕೈ ತಾನೆ ಬೇಗ ಮುಂದಾಗುತ್ತದೆ? ದುಃಖವೂ ಸಂಕೋಚವೂ ಕೂಡಿ ಒಂದು ವರ್ಷ ಕಳೆಯುತ್ತದೆ. ಅಣ್ಣತಮ್ಮಂದಿರಲ್ಲಿ ವಿರಸವಿಲ್ಲದಿದ್ದ ಕಾಲದಲ್ಲಿ ವಂಶವೃಕ್ಷ ಬರೆಸಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದರೆ ಮುಗಿಯುತ್ತಿದ್ದುದು, ಇಪ್ಪತ್ತು ವರ್ಷಗಳ ಮೇಲೆ ಕೈಗೆತ್ತಿಕೊಂಡಾಗ ಹೇಗಿರುತ್ತದೆ? ಒಬ್ಬ ಅಣ್ಣ ಕಾಲವಾಗಿರುತ್ತಾನೆ, ಅವನ ಮಕ್ಕಳು ಮುಂಬಯಿಯಲ್ಲಿರುತ್ತಾರೆ, ಒಬ್ಬ ತಂಗಿ ಕಡಲಾಚೆಯ ದೇಶದಲ್ಲಿರುತ್ತಾಳೆ, ಪಕ್ಕದ ಜಮೀನಿನವನು ಬದುವನ್ನು ಎರಡು ಗಜ ಈಚೆಗೆ ಸರಿಸಿರುತ್ತಾನೆ. ಬೆಳೆಸಾಲಕ್ಕೆ ಹೋದರೆ ಪಹಣಿಯಲ್ಲಿ ತೀರಿಕೊಂಡವರ ಹೆಸರು! ಪೌತಿ ಖಾತೆ ಮಾಡಿಕೊಡುವುದಕ್ಕೆಂದೇ ಸರ್ಕಾರದವರು ಆಂದೋಲನಗಳನ್ನು ಹೂಡಬೇಕಾಗಿ ಬಂದದ್ದನ್ನು ನೋಡಿದರೆ, ಈ ಮೂಕ ಬಾಕಿಯು ಎಷ್ಟು ಮನೆಗಳಲ್ಲಿ ಉಳಿದಿದೆಯೆಂಬುದನ್ನು ಊಹಿಸಬಹುದು. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯಲ್ಲಿ ಮನೆಯೆಂಬ ಮಾತು ಸುಮ್ಮನೆ ಬಿದ್ದಿರಲಾರದು.

ಹಾಗಾದರೆ ಪಟ್ಟಿ ಬರೆಯುವವರ ಕೆಲಸಗಳು ಏತಕ್ಕೆ ಉಳಿಯುತ್ತವೆ? ಹೊಸ ವರ್ಷದ ದಿನ ಅಂದವಾದ ಪುಸ್ತಕವನ್ನು ಕೊಂಡು, ನಲವತ್ತು ಕೆಲಸಗಳನ್ನು ಅಚ್ಚುಕಟ್ಟಾಗಿ ಬರೆದು, ಕೆಂಪು ಶಾಯಿಯಿಂದ ಗೆರೆಯೆಳೆದು, ತಿಂಗಳಾಗುವುದರೊಳಗೆ ಆ ಪುಸ್ತಕವನ್ನು ಕಂಡರೆ ಮುಖ ತಿರುಗಿಸುವವರು ಬಹಳ. (ಪಟ್ಟಿ ಮಾಡುವುದೂ ಕಪಾಟು ಒರೆಸುವುದರ ಇನ್ನೊಂದು ರೂಪವಾಗಬಲ್ಲದು, ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಸಂಶಯಪಡತಕ್ಕದ್ದು.) ಅವರ ಪಟ್ಟಿಯನ್ನು ತೆರೆದು ನೋಡಿದರೆ ಕಾರಣ ತಿಳಿಯುತ್ತದೆ. ‘ಜಮೀನಿನ ಖಾತೆ’, ‘ಕಣ್ಣು’, ‘ಮನೆ ರಿಪೇರಿ’, ‘ವಿಮೆ’ ಎಂದು ಬರೆದಿರುತ್ತಾರೆ. ಇವು ಕೆಲಸಗಳಲ್ಲ, ಕಷ್ಟಗಳ ಹೆಸರುಗಳು. ಓದಿದೊಡನೆ ಎದೆ ಭಾರವಾಗುತ್ತದೆಯೇ ಹೊರತು ಕೈ ಎಲ್ಲಿಗೂ ಹೋಗುವುದಿಲ್ಲ. ಅದೇ ಪುಟದಲ್ಲಿ, ‘ಸೋಮವಾರ ಬೆಳಿಗ್ಗೆ ಕಾಫಿಯಾದ ಮೇಲೆ, ಹಿತ್ತಾಳೆಯ ಪೆಟ್ಟಿಗೆಯಿಂದ ಹಳೆಯ ಪಹಣಿಯನ್ನು ತೆಗೆದು ಮೇಜಿನ ಮೇಲಿಡುವುದು’ ಎಂದು ಬರೆದಿದ್ದರೆ ಅದನ್ನು ಮಾಡಲು ಧೈರ್ಯ ಬೇಕಿಲ್ಲ. ಎರಡು ಕೈಗಳಿದ್ದರೆ ಸಾಕು. ಪಹಣಿ ಮೇಜಿನ ಮೇಲೆ ಕುಳಿತ ಮೇಲೆ ಅದಕ್ಕೆ ಅರ್ಧ ಬಾಯಿ ಬಂದಹಾಗೆಯೇ. ಮರುದಿನದ ಚೀಟಿಯಲ್ಲಿ, ‘ಮರಣ ಪ್ರಮಾಣಪತ್ರದ ಎರಡು ಪ್ರತಿ ಮಾಡಿಸುವುದು’; ಅದರ ಮರುದಿನ, ‘ಅಣ್ಣನೊಡನೆ ಫೋನಿನಲ್ಲಿ ಮಾತಾಡಿ, ಅವನು ಊರಿಗೆ ಬರುವ ದಿನವನ್ನು ಕೇಳುವುದು’. ಬಂಡೆಯನ್ನು ಎತ್ತುವವರಿಲ್ಲ, ಒಡೆದ ಜಲ್ಲಿಯನ್ನು ಬುಟ್ಟಿಯಲ್ಲಿ ಹೊರುವವರುಂಟು.

ಕೆಲಸದ ಜೊತೆಗೆ ಹೊತ್ತನ್ನೂ ಸ್ಥಳವನ್ನೂ ಬರೆಯಬೇಕೆಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ದೊಡ್ಡ ಸಂಸ್ಥೆಯೊಂದರ ನೌಕರರಿಗೆ ಫ್ಲೂ ಜ್ವರದ ಲಸಿಕೆಯನ್ನು ಹಾಕಿಸಿಕೊಳ್ಳುವಂತೆ ತಿಳಿಸುವಾಗ, ಕೆಲವರಿಗೆ ಬರಿಯ ಸೂಚನೆಯನ್ನೂ, ಮತ್ತೆ ಕೆಲವರಿಗೆ ತಾವು ಬರುವ ದಿನವನ್ನೂ ವೇಳೆಯನ್ನೂ ಬರೆದುಕೊಳ್ಳುವ ಚೀಟಿಯನ್ನೂ ಕಳುಹಿಸಿದರು. ಮೊದಲನೆಯವರಲ್ಲಿ ನೂರಕ್ಕೆ ಸುಮಾರು ೩೩ ಮಂದಿ ಲಸಿಕೆ ಹಾಕಿಸಿಕೊಂಡರೆ ಎರಡನೆಯವರಲ್ಲಿ ೩೭ ಮಂದಿ ಹಾಕಿಸಿಕೊಂಡರೆಂದು ೨೦೧೧ರಲ್ಲಿ ಪ್ರಕಟವಾಯಿತು. ನಾಲ್ಕೇ ಮಂದಿಯ ಹೆಚ್ಚಳವೆ ಎಂದು ನಗುವವರು ನಗಲಿ. ಒಂದು ಪೆನ್ಸಿಲಿನ ಗೀಟಿನಿಂದ ನೂರರಲ್ಲಿ ನಾಲ್ವರು ಎದ್ದು ಹೊರಟರೆಂದರೆ ನಮ್ಮ ದೃಷ್ಟಿಯಲ್ಲಿ ಅದು ಅಲ್ಪವಲ್ಲ. ಉಳಿದ ಅರವತ್ತಮೂವರನ್ನು ಎಬ್ಬಿಸಲು ಚೀಟಿಯೊಂದೇ ಸಾಲದೆಂಬುದೂ ಇದರಿಂದ ತಿಳಿಯುತ್ತದೆ.

ಒಂದು ದಿನದ ಚೀಟಿಯಲ್ಲಿ ಎಷ್ಟು ಕೆಲಸಗಳಿರಬೇಕು? ನಾಲ್ಕು, ಹೆಚ್ಚೆಂದರೆ ಐದು. ಅವುಗಳಲ್ಲಿ ಒಂದಾದರೂ ಮೂಕ ಕೆಲಸವಾಗಿರತಕ್ಕದ್ದು. ನಾಲ್ಕೇ ಏತಕ್ಕೆಂದರೆ, ನಮ್ಮ ಶಕ್ತಿಯನ್ನು ನಾವು ಅಳೆಯುವಾಗ ತಕ್ಕಡಿ ಯಾವಾಗಲೂ ನಮ್ಮ ಕಡೆಗೇ ವಾಲುತ್ತದೆ. ಕೆನಡಾ ದೇಶದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ತಮ್ಮ ಪ್ರೌಢಪ್ರಬಂಧ ಎಷ್ಟು ದಿನಗಳಲ್ಲಿ ಮುಗಿಯುವುದೆಂದು ಕೇಳಿದಾಗ ಅವರು ಹೇಳಿದ ಸರಾಸರಿ ಸುಮಾರು ೩೪ ದಿನ. ವಾಸ್ತವವಾಗಿ ಹಿಡಿದದ್ದು ೫೫ ದಿನಗಳಿಗೂ ಮೇಲೆ. ಇದು ೧೯೯೪ರಲ್ಲಿ ಪ್ರಕಟವಾದ ಸಂಗತಿ. ಮನಸ್ಸಿನ ಶಾಸ್ತ್ರವನ್ನೇ ಓದುತ್ತಿದ್ದವರ ಗತಿ ಹೀಗಾದ ಮೇಲೆ ಉಳಿದವರ ಪಾಡೇನು? ಬೆಳಿಗ್ಗೆ ಹನ್ನೆರಡು ಕೆಲಸಗಳನ್ನು ಬರೆದುಕೊಂಡವನು ಸಂಜೆಗೆ ನಾಲ್ಕನ್ನು ಮಾಡಿದ್ದರೂ ಸೋತವನಂತೆ ಮಲಗುತ್ತಾನೆ. ನಾಲ್ಕನ್ನು ಬರೆದು ನಾಲ್ಕನ್ನೂ ಮುಗಿಸಿದವನು ಮಾರನೆಯ ದಿನ ಚೀಟಿಯನ್ನು ಸಂತೋಷದಿಂದ ಮುಟ್ಟುತ್ತಾನೆ.

ಉಳಿದ ಕೆಲಸದ ಗತಿಯೇನೆಂಬುದೇ ಮುಂದಿನ ಪ್ರಶ್ನೆ. ಪಟ್ಟಿಯ ಗುಟ್ಟೆಲ್ಲ ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಹಿಂದೆ ನಮ್ಮ ಶಾನುಭೋಗರೂ ವರ್ತಕರೂ ಕಡತವೆಂಬ ಬಟ್ಟೆಯ ಪುಸ್ತಕವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕಪ್ಪು ಹಾಳೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು; ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಕೆಲಸದ ಪಟ್ಟಿಗೂ ಹೀಗೆ ಅಳಿಸಿ ಬರೆಯುವ ಗುಣ ಬೇಕು. ಇಂದು ಮುಗಿಯದ ಕೆಲಸವನ್ನು ನಾಳೆಯ ಚೀಟಿಗೆ ಕೈಯಿಂದಲೇ ಇನ್ನೊಮ್ಮೆ ಬರೆಯಬೇಕು. ಮೊಬೈಲು ಫೋನಿನಲ್ಲಿ ಬರೆದಿಟ್ಟ ಪಟ್ಟಿಯು ಎಷ್ಟು ದಿನವಾದರೂ ತಾನೇ ಮುಂದಕ್ಕೆ ಸಾಗುತ್ತ ಹೋಗುತ್ತದೆ, ಯಾರಿಗೂ ಶ್ರಮವಿಲ್ಲ. ಅದೇ ಅದರ ದೋಷ. ಅದೇ ಸಾಲನ್ನು ಮೂರನೆಯ ಸಲ ಬರೆಯುವಾಗ ಕೈಗೆ ನಾಚಿಕೆಯಾಗುತ್ತದೆ, ಆ ನಾಚಿಕೆಯಿಂದ ಪ್ರಯೋಜನವುಂಟು. ಮೂರು ಸಲ ದಾಟಿಬಂದ ಕೆಲಸವನ್ನು ನಾಲ್ಕನೆಯ ಸಲ ಹಾಗೆಯೇ ಬರೆಯಕೂಡದೆಂದು ಮನೆಯ ಕಟ್ಟಳೆ ಮಾಡಿಕೊಳ್ಳಬೇಕು. ಅದನ್ನು ಇನ್ನೂ ಚಿಕ್ಕದಾಗಿ ಒಡೆಯಬೇಕು, ಇಲ್ಲವೆ ಮನೆಯಲ್ಲಿ ಬೇರೊಬ್ಬರಿಗೆ ಒಪ್ಪಿಸಬೇಕು, ಅಥವಾ ಇದು ನಮ್ಮಿಂದಾಗದೆಂದು ಒಪ್ಪಿ ಹೊಡೆದುಹಾಕಬೇಕು. ಹೊಡೆದುಹಾಕುವುದು ಅಪಮಾನವಲ್ಲ. ವೀಣೆ ಕಲಿಯಬೇಕೆಂಬ ಹತ್ತು ವರ್ಷದ ಹಳೆಯ ಸಾಲನ್ನು ಅಳಿಸಿದವನಿಗೆ ಆ ದಿನವೇ ಭುಜ ಹಗುರವಾಗುತ್ತದೆ. ಆದರೆ ಗಂಟನ್ನು ವೈದ್ಯರಿಗೆ ತೋರಿಸುವ ಸಾಲನ್ನು ಅಳಿಸುವಂತಿಲ್ಲ; ಭಯದಿಂದ ನಿಂತ ಇಂಥ ಕೆಲಸಗಳನ್ನು ಒಡೆಯುವುದೂ ಸುಲಭವಲ್ಲ. ಅಲ್ಲಿ ಮಾಡತಕ್ಕದ್ದು ಒಂದೇ: ಚೀಟಿಯನ್ನು ಗಂಡನೋ ಹೆಂಡತಿಯೋ ಬೆಳೆದ ಮಗಳೋ ನೋಡುವಂತೆ ಇಡುವುದು. ‘ಇದು ಮೂರು ಸಲ ದಾಟಿದೆಯಲ್ಲ, ಗುರುವಾರ ನಾನೂ ಜೊತೆಗೆ ಬರುತ್ತೇನೆ’ ಎಂದು ಒಬ್ಬರು ಹೇಳಿದರೆ, ನೂರು ಪಟ್ಟಿಗಳಿಂದಾಗದ ಕೆಲಸ ಆದೀತು.

ಇಲ್ಲಿ ಗೃಹಿಣಿಯರ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಗಂಡಸರ ಪಟ್ಟಿ ಕಿಸೆಯಲ್ಲಿದ್ದರೆ ಹೆಂಗಸರ ಪಟ್ಟಿ ತಲೆಯಲ್ಲಿರುತ್ತದೆ. ಹಿಂದಿನ ಕಾಲದ ಅಜ್ಜಿಯರು ಮರೆಯಬಾರದ ಕೆಲಸಕ್ಕೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತಿದ್ದರು. ಮಗುವಿನ ಲಸಿಕೆಯ ದಿನ, ಮಾವನವರ ಔಷಧಿ ಮುಗಿಯುವ ದಿನ, ನಾದಿನಿಯ ಸೀಮಂತ, ದೋಸೆಗೆ ನೆನೆಹಾಕುವುದು, ಗ್ಯಾಸಿನ ಸಿಲಿಂಡರು, ಇವೆಲ್ಲವನ್ನೂ ಒಬ್ಬಳ ತಲೆ ಹೊತ್ತಿರುವುದರಿಂದ, ಮನೆಯ ಉಳಿದವರಿಗೆ ಅಂಥ ಪಟ್ಟಿಯೊಂದು ಇದೆಯೆಂಬುದೇ ತಿಳಿಯದು. ‘ಹೇಳಿದ್ದರೆ ನಾನು ಮಾಡುತ್ತಿದ್ದೆನಲ್ಲ’ ಎನ್ನುವ ಯಜಮಾನರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹೇಳುವುದೂ ಒಂದು ಕೆಲಸವೆಂಬುದನ್ನು ಅವರು ಗಣಿಸುವುದಿಲ್ಲ. ಇಷ್ಟೆಲ್ಲ ಹೊತ್ತ ತಲೆಯಲ್ಲಿ ಮೊದಲು ಹಿಂದೆ ಬೀಳುವುದು ಅವಳ ಸ್ವಂತದ ಮೂಕ ಕೆಲಸಗಳೇ: ಅವಳ ಹಲ್ಲುನೋವು, ಅವಳ ಕನ್ನಡಕ, ಅವಳ ತವರಿಗೆ ಬರೆಯಬೇಕಾದ ಕಾಗದ. ಆದಕಾರಣ ಮನೆಯ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಹಚ್ಚಿ, ಅದರಿಂದ ತಮಗಾಗುವುದನ್ನು ಪ್ರತಿಯೊಬ್ಬರೂ ತಾವಾಗಿಯೇ ಆರಿಸಿಕೊಂಡು ಹೆಸರು ಬರೆಯುವ ಪದ್ಧತಿಯನ್ನು ನಾವು ಬಲವಾಗಿ ಅನುಮೋದಿಸುತ್ತೇವೆ. ಹತ್ತು ವರ್ಷದ ಹುಡುಗನೂ ಬೇಳೆ ಡಬ್ಬಿ ಬರಿದಾಯಿತೆಂದು ಅದರಲ್ಲಿ ಬರೆಯಬಲ್ಲನು.

ಚೀಟಿಯನ್ನು ಬರೆಯಲು ಯಾವ ಹೊತ್ತು ಪ್ರಶಸ್ತ? ಅನೇಕರು ಬೆಳಿಗ್ಗೆ ಎನ್ನುತ್ತಾರೆ. ನಾವು ರಾತ್ರಿಯ ಪಕ್ಷದವರು. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದಲ್ಲಿ ೫೭ ಮಂದಿ ತರುಣ ತರುಣಿಯರ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಅವರಲ್ಲಿ ಅರ್ಧ ಜನ ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಆಗಲೇ ಮುಗಿಸಿದ ಕೆಲಸಗಳನ್ನು ಬರೆದರು. ಮುಗಿದುದನ್ನು ಬರೆದವರೇ ನೆಮ್ಮದಿಯಿಂದ ನಿದ್ರಿಸಿರಬೇಕೆಂದು ಯಾರಾದರೂ ಊಹಿಸಿಯಾರು, ಆದದ್ದು ಬೇರೆ. ಮಾಡಬೇಕಾದುದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ರೆ ಹತ್ತಿತು; ವಿವರವಾಗಿ ಬರೆದಷ್ಟೂ ಬೇಗ ಹತ್ತಿತು. ಪ್ರಯೋಗ ಚಿಕ್ಕದು, ಒಳಪಟ್ಟವರೆಲ್ಲರೂ ಹರೆಯದವರು; ಐವತ್ತು ದಾಟಿದ ಸಂಸಾರಿಗಳಿಗೂ ಅದೇ ಫಲವೆಂದು ಶಪಥಮಾಡಲಾಗದು. ಆದರೂ ನಡುರಾತ್ರಿಯಲ್ಲಿ ವಿಮೆಯ ಕಂತು ನೆನಪಾಗಿ ಎದ್ದು ಕುಳಿತವರಿಗೆ ಈ ಫಲಿತಾಂಶದಲ್ಲಿ ಆಶ್ಚರ್ಯವೇನೂ ಕಾಣಲಾರದು. ಅಂದಹಾಗೆ ವಾರ್ಷಿಕ ಕಂತಿಗೆ ವಾಯಿದೆಯ ಮೇಲೆ ಸಾಮಾನ್ಯವಾಗಿ ೩೦ ದಿನ, ತಿಂಗಳ ಕಂತಿಗಾದರೆ ೧೫ ದಿನ ಕಾಲಾವಕಾಶವಿರುತ್ತದೆ. ಅನೇಕರು ಆ ಕಾಲಾವಕಾಶವನ್ನೇ ವಾಯಿದೆಯೆಂದು ತಿಳಿದು ಕೆಡುತ್ತಾರೆ. ಚೀಟಿಯಲ್ಲಿ ವಾಯಿದೆಯ ತಾರೀಖನ್ನು ಬರೆಯಬೇಕೇ ಹೊರತು ಕಡೆಯ ದಿನವನ್ನಲ್ಲ.

ಇಷ್ಟಕ್ಕೆ ಬೇಕಾಗುವ ಸಾಮಗ್ರಿ ಅಲ್ಪ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಅಂಗೈಯಗಲಕ್ಕೆ ಕತ್ತರಿಸಿ, ಒಂದು ಮೂಲೆಯಲ್ಲಿ ದಾರ ಪೋಣಿಸಿ, ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದರೆ ವರ್ಷಕ್ಕೆ ಸಾಕಾಗುತ್ತದೆ. ರಾತ್ರಿ ಊಟವಾಗಿ ಅಡಿಗೆಮನೆ ತೊಳೆದ ಮೇಲೆ, ದೀಪ ಆರಿಸುವುದಕ್ಕೆ ಮೊದಲು, ಮನೆಯವರು ಅಲ್ಲಿಯೇ ನಿಂತು ಮರುದಿನದ ನಾಲ್ಕು ಸಾಲುಗಳನ್ನು ಬರೆಯಬಹುದು. ಪೆನ್ಸಿಲನ್ನೂ ಅದೇ ದಾರಕ್ಕೆ ಕಟ್ಟಿಬಿಡುವುದು ಒಳ್ಳೆಯದು. ಇಲ್ಲವಾದರೆ ಎರಡನೆಯ ದಿನವೇ ಮಕ್ಕಳು ಅದನ್ನು ಶಾಲೆಗೆ ಒಯ್ದಿರುತ್ತಾರೆ.